ಕೇಳಿ, ಹೇಳುತ್ತೇವೆ: ಸೇನೆಯ ಸವಲತ್ತಿನಲ್ಲಿ ಪೈಲಟ್ ಆಗಬಹುದೇ?

ಮಡಿಕೇರಿಯಲ್ಲಿ ವಾಯುಪಡೆಯ ಪೈಲಟ್ ಆಗಿದ್ದ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯನವರ ಹೆಸರಿನ ವೃತ್ತ ದಾಟಿಕೊಂಡು ಶಾಲೆಗೆ ಹೋಗುವ ಮಕ್ಕಳಿಗೆ ಪೈಲಟ್ ಆಗುವ ಆಸೆ ಹುಟ್ಟಿದರೆ ಅಚ್ಚರಿಯಿಲ್ಲ. ಮನೆಗೊಬ್ಬರು ಸೇನೆಯಲ್ಲಿ ದುಡಿದ ಜಿಲ್ಲೆ ಈ ಕೊಡಗು. ಹಾಗಾಗಿ ಆಸೆಯ ಬೆನ್ನಿಗೇ ‘ಅಪ್ಪನ ಸರ್ವಿಸಿನ ಸವಲತ್ತು ಇದಕ್ಕೆ ಆಗುತ್ತದಾ?’ ಎಂಬ ಪ್ರಶ್ನೆಯೂ ಬರುತ್ತದೆ. ಈ ಸಂಚಿಕೆಯಲ್ಲಿ ಅಂಥ ಪತ್ರಗಳನ್ನೇ ಒಟ್ಟಿಗೆ ತೆಗೆದುಕೊಂಡಿದ್ದೇವೆ.

ಪ್ರಶ್ನೆ: ನಾನು ಹವಾಲ್ದಾರನಾಗಿ ನಿವೃತ್ತನಾದವನು. ಮಗಳು ಪಿಯುಸಿ ವಿಜ್ಞಾನದಲ್ಲಿ 81% ಪಡೆದಿದ್ದಾಳೆ, ಪೈಲಟ್ ಆಗಲೇಬೇಕು ಎನ್ನುತ್ತಾಳೆ. ಮಾಜಿ ಸೈನಿಕರ ಮಕ್ಕಳಿಗೆ ಪ್ರಧಾನಮಂತ್ರಿ ವಿದ್ಯಾರ್ಥಿವೇತನದಲ್ಲೇ ತರಬೇತಿ ಮುಗಿಯುತ್ತದೆ, ಸೀಟು ಹಿಡಿದಿಡಲು ಈಗ 3 ಲಕ್ಷ ಕಟ್ಟಿ ಎಂದು ಏಜೆಂಟರೊಬ್ಬರು ಹೇಳುತ್ತಿದ್ದಾರೆ. ಕಟ್ಟಬಹುದೇ?
— ಗೋಣಿಕೊಪ್ಪಲು

ಉತ್ತರ: ಕಟ್ಟಬೇಡಿ. ಏಜೆಂಟರು ಹೇಳಿದ ವಿದ್ಯಾರ್ಥಿವೇತನ ಇರುವುದು ನಿಜ, ಅದರಲ್ಲಿ ತರಬೇತಿ ಮುಗಿಯುತ್ತದೆ ಎಂಬುದು ಸುಳ್ಳು.

ಕೇಂದ್ರೀಯ ಸೈನಿಕ ಮಂಡಳಿಯ ಈ ಯೋಜನೆಯಲ್ಲಿ ವರ್ಷಕ್ಕೆ 5,500 ಮಕ್ಕಳಿಗೆ ವೇತನ ಸಿಗುತ್ತದೆ, ಅರ್ಧ ಹುಡುಗಿಯರಿಗೆ, ಅರ್ಧ ಹುಡುಗರಿಗೆ. ಹುಡುಗಿಯರಿಗೆ ತಿಂಗಳಿಗೆ 3,000, ಹುಡುಗರಿಗೆ 2,500 ರೂಪಾಯಿ. ಅಂದರೆ ನಿಮ್ಮ ಮಗಳಿಗೆ ಸಿಕ್ಕಿದರೂ ವರ್ಷಕ್ಕೆ 36,000. ವಾಣಿಜ್ಯ ಪೈಲಟ್ ಲೈಸೆನ್ಸ್, ಎಲ್ಲರ ಬಾಯಲ್ಲಿ ಸಿಪಿಎಲ್, ಭಾರತದಲ್ಲಿ ಮುಗಿಸಲು ಊಟ ವಸತಿ ಬಿಟ್ಟು ಸುಮಾರು 35ರಿಂದ 50 ಲಕ್ಷ ಬೇಕು. 40 ಲಕ್ಷವನ್ನು ಸಿಪಿಎಲ್‌ಗೆ ಬೇಕಾದ 200 ಗಂಟೆಯ ಹಾರಾಟಕ್ಕೆ ಹಂಚಿ ನೋಡಿ, ಗಂಟೆಗೆ 20,000 ಬೀಳುತ್ತದೆ. ವರ್ಷದ ವಿದ್ಯಾರ್ಥಿವೇತನದಲ್ಲಿ ಎರಡು ಗಂಟೆಯ ಹಾರಾಟವೂ ತುಂಬುವುದಿಲ್ಲ.

ಇನ್ನೊಂದು ತೊಡಕು, ಈ ವೇತನ ಇರುವುದು ಮಾನ್ಯತೆ ಪಡೆದ ಮೊದಲ ವೃತ್ತಿಪರ ಪದವಿಗೆ. ಸಿಪಿಎಲ್ ಲೈಸೆನ್ಸೇ ಹೊರತು ಪದವಿಯಲ್ಲ. ಬಿಎಸ್ಸಿ ಏವಿಯೇಷನ್ ಜೊತೆಗೆ ಸಿಪಿಎಲ್ ಎಂದು ಜಾಹೀರಾತು ಕೊಡುವ ಕಾಲೇಜಿಗೆ ಸೇರಿಸುವುದಾದರೆ, ಆ ಪದವಿಯ ಹೆಸರು ಮಂಡಳಿಯ ಜಾಲತಾಣದ ಕೋರ್ಸ್ ಪಟ್ಟಿಯಲ್ಲಿ ಅಕ್ಷರಶಃ ಇದೆಯೇ ನೋಡಿ. ಇದ್ದರೂ ಆ ದುಡ್ಡು ಪದವಿಯ ಶುಲ್ಕಕ್ಕೆ ಆಸರೆಯಾಗಬಹುದು, ವಿಮಾನದ ಗಂಟೆಗೆ ಅಲ್ಲ. ಮೇಲಾಗಿ ಸಿಪಿಎಲ್‌ಗೆ ಪದವಿ ಬೇಕೇ ಇಲ್ಲ. ಪಿಯುಸಿಯಲ್ಲಿ ಭೌತಶಾಸ್ತ್ರ, ಗಣಿತ ಇದ್ದರೆ ಸಾಕು, 18 ವರ್ಷ ತುಂಬಿರಬೇಕು.

ನಿಮಗೆ ಖಂಡಿತ ಸಲ್ಲುವುದು ಬೇರೆ ಒಂದಿದೆ. ಹವಾಲ್ದಾರ್ ಮತ್ತು ಅದಕ್ಕಿಂತ ಕೆಳಗಿನ ದರ್ಜೆಯವರ ಇಬ್ಬರು ಮಕ್ಕಳಿಗೆ ಒಂದನೇ ತರಗತಿಯಿಂದ ಪದವಿಯವರೆಗೆ ರಕ್ಷಾ ಮಂತ್ರಿಗಳ ನಿಧಿಯಿಂದ ಬರುವ ಶಿಕ್ಷಣ ನೆರವು. ಅದು ತಿಂಗಳಿಗೆ 1,000 ಇತ್ತು, 2025ರ ನವೆಂಬರ್ 1ರಿಂದ ಸಲ್ಲಿಸಿದ ಅರ್ಜಿಗಳಿಗೆ 2,000 ಆಗಿದೆ. ಮಗಳು ಪದವಿಗೆ ಸೇರಿದರೆ ಇದನ್ನು ಬಿಡಬೇಡಿ. ದಾರಿ ಮಡಿಕೇರಿಯ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಯ ಮೂಲಕ.

ಮುಖ್ಯವಾದದ್ದು, ದುಡ್ಡಿನ ಮೊದಲು ಆಗಬೇಕಾದ ಕೆಲಸಗಳ ಸರದಿ. ನಮಗೆ ಬರುವ ದೂರುಗಳಲ್ಲಿ ಹೆಚ್ಚಿನವು ಈ ಸರದಿ ತಪ್ಪಿದ್ದರಿಂದ ಹುಟ್ಟಿದವು.

ಮೊದಲು ದೇಹ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ (ಡಿಜಿಸಿಎ) ಮಾನ್ಯತೆಯ ವೈದ್ಯರಲ್ಲಿ ಕ್ಲಾಸ್ 2 ವೈದ್ಯಕೀಯ ಪರೀಕ್ಷೆ ಮಾಡಿಸಿ. ರಕ್ತ, ಮೂತ್ರ, ಇಸಿಜಿ, ಎದೆಯ ಎಕ್ಸ್‌ರೇ, ಕಿವಿ, ಕಣ್ಣು ಎಲ್ಲ ನೋಡುತ್ತಾರೆ. ಕನ್ನಡಕ ಇದೆ ಎಂದು ಹೆದರಬೇಕಿಲ್ಲ, ಸರಿಪಡಿಸಿದ ದೃಷ್ಟಿ ಸರಿಯಿದ್ದರೆ ನಾಗರಿಕ ಲೈಸೆನ್ಸಿಗೆ ಅಡ್ಡಿಯಿಲ್ಲ. ಬಣ್ಣ ಗುರುತಿಸುವ ಶಕ್ತಿಯಲ್ಲಿ ದೋಷವಿದ್ದರೆ ಮಾತ್ರ ಕಷ್ಟ, ಅದಕ್ಕೆ ಕನ್ನಡಕದ ಪರಿಹಾರವಿಲ್ಲ. ಕ್ಲಾಸ್ 2 ಆದ ಮೇಲೆ ಕ್ಲಾಸ್ 1 ಮಾಡಿಸಬೇಕು. ಬೆಂಗಳೂರಿನ ಇನ್‌ಸ್ಟಿಟ್ಯೂಟ್ ಆಫ್ ಏರೋಸ್ಪೇಸ್ ಮೆಡಿಸಿನ್‌ನಲ್ಲೂ ಮಾಡುತ್ತಾರೆ. ಕೆಲವು ಸಾವಿರದಲ್ಲಿ ಮುಗಿಯುವ ಕೆಲಸ ಇದು. ಇದನ್ನು ಬಿಟ್ಟು ಮೊದಲು ಲಕ್ಷಗಟ್ಟಲೆ ಕಟ್ಟಿ, ಆಮೇಲೆ ಕಣ್ಣಿನಲ್ಲಿ ಸಿಕ್ಕಿಬಿದ್ದವರಿಗೆ ಯಾವ ಶಾಲೆಯೂ ಮುಂಗಡ ಸುಲಭವಾಗಿ ಹಿಂದಿರುಗಿಸುವುದಿಲ್ಲ.

ಎರಡನೆಯದು ಓದು. ಡಿಜಿಸಿಎಯಲ್ಲಿ ಕಂಪ್ಯೂಟರ್ ಸಂಖ್ಯೆ, ಅಂದರೆ ಪರೀಕ್ಷೆಯ ನೋಂದಣಿ ಸಂಖ್ಯೆ ಮಾಡಿಸಿಕೊಂಡು ಏರ್ ನ್ಯಾವಿಗೇಷನ್, ಮೀಟಿಯೊರಾಲಜಿ, ರೆಗ್ಯುಲೇಷನ್ಸ್, ಟೆಕ್ನಿಕಲ್ ಜನರಲ್, ಟೆಕ್ನಿಕಲ್ ಸ್ಪೆಸಿಫಿಕ್ ಪರೀಕ್ಷೆಗಳನ್ನು ಬರೆಯಬೇಕು. ತೇರ್ಗಡೆಗೆ 70 ಅಂಕ ಬೇಕು. ಜೊತೆಗೆ ರೇಡಿಯೊ ಮಾತುಕತೆಯ ಆರ್‌ಟಿಆರ್ ಪರೀಕ್ಷೆ. ಹುಡುಗಿ ಮನೆಯಲ್ಲಿ ಕೂತು ಅಥವಾ ಆರು ತಿಂಗಳು ಕೋಚಿಂಗ್‌ಗೆ ಹೋಗಿ ನ್ಯಾವಿಗೇಷನ್, ಮೀಟಿಯೊರಾಲಜಿ ಎರಡು ಪಾಸ್ ಮಾಡಿದರೆ ಅವಳಿಗೆ ಈ ವೃತ್ತಿ ಒಗ್ಗುತ್ತದೋ ಇಲ್ಲವೋ ತಿಳಿಯುತ್ತದೆ. ಪರೀಕ್ಷೆಗಳು ಮುಗಿದ ಮೇಲೆ ಹಾರಾಟಕ್ಕೆ ಸೇರಿದವರ ದಿನಗಳು ಓದಿಗೂ ಹಾರಾಟಕ್ಕೂ ನಡುವೆ ಹರಿದು ಹೋಗುವುದಿಲ್ಲ.

ಮೂರನೆಯದು ಶಾಲೆ. ಡಿಜಿಸಿಎ ಅಕ್ಟೋಬರ್ 2025ರಿಂದ ತರಬೇತಿ ಸಂಸ್ಥೆಗಳಿಗೆ ದರ್ಜೆ ನೀಡಲು ಆರಂಭಿಸಿದೆ, ಅದನ್ನು ನೋಡಿ. ಶಾಲೆಗೆ ನೀವೇ ಹೋಗಿ ಮೂರು ಸಂಗತಿ ಕೇಳಿ: ಇಂದು ಹಾರುವ ಸ್ಥಿತಿಯಲ್ಲಿ ಎಷ್ಟು ವಿಮಾನ, ಒಟ್ಟು ವಿದ್ಯಾರ್ಥಿಗಳು ಎಷ್ಟು, ಕಳೆದ ವರ್ಷ 200 ಗಂಟೆ ಮುಗಿಸಿದವರಿಗೆ ಸರಾಸರಿ ಎಷ್ಟು ತಿಂಗಳು ಹಿಡಿಯಿತು. ಶೆಡ್ಡಿನಲ್ಲಿ ಬಿಚ್ಚಿಟ್ಟ ವಿಮಾನವನ್ನು ಲೆಕ್ಕಕ್ಕೆ ಸೇರಿಸಿಕೊಳ್ಳಬೇಡಿ. ಶುಲ್ಕವನ್ನು 25 ಅಥವಾ 50 ಗಂಟೆಯ ಕಂತಿನಲ್ಲಿ ಕಟ್ಟುವ ಒಪ್ಪಂದ ಬರಹದಲ್ಲಿ ಇರಲಿ. ಡಿಜಿಸಿಎ ಅನುಮೋದಿತ ಸಂಸ್ಥೆಯ ಅನುಮೋದಿತ ಕೋರ್ಸಿಗೆ ಜಿಎಸ್‌ಟಿ ಇಲ್ಲವೆಂದು 2024ರ ಸೆಪ್ಟೆಂಬರಿನ ಜಿಎಸ್‌ಟಿ ಮಂಡಳಿ ಸಭೆ ಸ್ಪಷ್ಟಪಡಿಸಿದೆ. ಬಿಲ್ಲಿನಲ್ಲಿ 18% ಸೇರಿಸಿದ್ದರೆ ಯಾಕೆಂದು ಕೇಳಿ.

ಅಂದಹಾಗೆ ಸೇನೆಯ ದುಡ್ಡಿನಲ್ಲಿ ಪೂರ್ತಿ ಪೈಲಟ್ ಆಗುವ ದಾರಿ ಒಂದಿದೆ, ಅದು ಸೇನೆ ಸೇರುವುದು. ರಾಷ್ಟ್ರೀಯ ರಕ್ಷಣಾ ಅಕಾಡೆಮಿ (ಎನ್‌ಡಿಎ) ಈಗ ಹುಡುಗಿಯರಿಗೂ ತೆರೆದಿದೆ. ಪದವಿಯ ಮೇಲಾದರೆ ವಾಯುಪಡೆಯ ಪ್ರವೇಶ ಪರೀಕ್ಷೆ ಎಎಫ್‌ಕ್ಯಾಟ್, ಫ್ಲೈಯಿಂಗ್ ಶಾಖೆಗೆ 20ರಿಂದ 24 ವಯಸ್ಸು, ಸಿಪಿಎಲ್ ಇದ್ದವರಿಗೆ 26ರವರೆಗೆ. ಪೈಲಟ್ ಆಯ್ಕೆಯ ಕಂಪ್ಯೂಟರ್ ಪರೀಕ್ಷೆ ಜೀವಮಾನದಲ್ಲಿ ಒಂದೇ ಸಲ, ಅದನ್ನು ಅಭ್ಯಾಸಕ್ಕೆಂದು ಬರೆಯಲು ಹೋಗಬಾರದು.

ಪ್ರಶ್ನೆ: ನನ್ನ ಮಗ ಅಮೆರಿಕದ ಪೌರ. ಅಲ್ಲಿನ ಸೇನೆಯಲ್ಲಿ 4 ವರ್ಷ ಇದ್ದು ಗೌರವಯುತವಾಗಿ ಹೊರಬಂದಿದ್ದಾನೆ. ಪೈಲಟ್ ಕೋರ್ಸಿಗೆ ಸರ್ಕಾರವೇ ದುಡ್ಡು ಕೊಡುತ್ತದೆ ಎನ್ನುತ್ತಾನೆ, ಅದೇ ಉಸಿರಿನಲ್ಲಿ 15 ಲಕ್ಷ ಕಳಿಸು ಅಂತಲೂ ಹೇಳುತ್ತಾನೆ. ಎರಡೂ ನಿಜವಾಗಲು ಹೇಗೆ ಸಾಧ್ಯ? ಅಷ್ಟು ಖರ್ಚೇಕೆ, ಆ ದುಡ್ಡನ್ನು ತಂದು ಇಲ್ಲೇ ಕಲಿಯಬಾರದೇ?
— ಮಡಿಕೇರಿ

ಉತ್ತರ: ಎರಡೂ ನಿಜವೇ, ತಾಯಿ. ಮಗ ನಿಮ್ಮನ್ನು ಮೋಸಗೊಳಿಸುತ್ತಿಲ್ಲ, ಪೂರ್ತಿ ಬಿಡಿಸಿ ಹೇಳಿಲ್ಲ ಅಷ್ಟೆ.

ಅಲ್ಲಿನ ಸವಲತ್ತಿಗೆ ಪೋಸ್ಟ್ 9/11 ಜಿಐ ಬಿಲ್ ಎಂದು ಹೆಸರು, 2009ರ ಆಗಸ್ಟ್‌ನಿಂದ ಜಾರಿಯಲ್ಲಿದೆ. 36 ತಿಂಗಳು ಸಕ್ರಿಯ ಸೇವೆ ಮಾಡಿದವರಿಗೆ ನೂರಕ್ಕೆ ನೂರು ಅರ್ಹತೆ, ಒಟ್ಟು 36 ತಿಂಗಳ ಶಿಕ್ಷಣಕ್ಕೆ. 2013ರ ಜನವರಿ 1ರ ನಂತರ ಸೇವೆಯಿಂದ ಹೊರಬಂದವರಿಗೆ ಗಡುವಿಲ್ಲ. ಆದ್ದರಿಂದ ‘ಈಗಲೇ ಕಳಿಸದಿದ್ದರೆ ಸವಲತ್ತು ಹೋಗುತ್ತದೆ’ ಎಂದು ಯಾರಾದರೂ ಅವಸರ ಮಾಡಿದರೆ ನಂಬಬೇಡಿ.

ಈ ದುಡ್ಡು ಹಾರಾಟಕ್ಕೆ ಹೋಗುವ ಬಾಗಿಲು ಎರಡು. ಮೊದಲನೆಯದು ಬರೀ ವಿಮಾನ ಶಾಲೆ. ಆ ಶಾಲೆ ಅಲ್ಲಿನ ವಾಯುಯಾನ ನಿಯಮದ ಭಾಗ 141ರ ಅಡಿ ಪ್ರಮಾಣಿತವಾಗಿರಬೇಕು ಮತ್ತು ಮಾಜಿ ಯೋಧರ ಇಲಾಖೆಯ ಒಪ್ಪಿಗೆ ಪಡೆದಿರಬೇಕು. ಭಾಗ 61ರ ಅಡಿ ಒಬ್ಬ ಶಿಕ್ಷಕರ ಬಳಿ ಬಿಡಿಬಿಡಿಯಾಗಿ ಕಲಿತರೆ ಬಿಡಿಗಾಸೂ ಬರುವುದಿಲ್ಲ. ಸೇರುವ ದಿನವೇ ಕೈಯಲ್ಲಿ ಖಾಸಗಿ ಪೈಲಟ್ ಲೈಸೆನ್ಸ್ ಮತ್ತು ಎರಡನೇ ದರ್ಜೆಯ ವೈದ್ಯಕೀಯ ಪ್ರಮಾಣಪತ್ರ ಇರಬೇಕು. ಮಗ 15 ಲಕ್ಷ ಕೇಳುತ್ತಿರುವುದು ಇದಕ್ಕೇ. ಖಾಸಗಿ ಲೈಸೆನ್ಸನ್ನು ಸರ್ಕಾರ ಹವ್ಯಾಸವೆಂದು ಎಣಿಸುತ್ತದೆ, ಅದರ ಖರ್ಚು ಕಲಿಯುವವರದ್ದು. ಕಾಗದದ ಮೇಲೆ ಅದಕ್ಕೆ ಕನಿಷ್ಠ 35ರಿಂದ 40 ಗಂಟೆ ಸಾಕು, ಆದರೆ ಹೆಚ್ಚಿನವರಿಗೆ ಅಷ್ಟರಲ್ಲಿ ಮುಗಿಯುವುದಿಲ್ಲ. ಅವನು ಕೇಳಿದ ಮೊತ್ತ ಅತಿಯಾದುದಲ್ಲ.

ಖಾಸಗಿ ಲೈಸೆನ್ಸ್ ಆದ ಮೇಲೆ ಇನ್‌ಸ್ಟ್ರುಮೆಂಟ್ ರೇಟಿಂಗ್ (ಉಪಕರಣಗಳನ್ನಷ್ಟೇ ನೋಡಿ ಹಾರಿಸುವ ಅರ್ಹತೆ), ಕಮರ್ಷಿಯಲ್, ಮಲ್ಟಿ ಎಂಜಿನ್, ಬೋಧಕರ ಪ್ರಮಾಣಪತ್ರ ಇವಕ್ಕೆ ನೆರವು ಸಿಗುತ್ತದೆ. ಅದಕ್ಕೂ ವಾರ್ಷಿಕ ಮಿತಿಯಿದೆ, ಸದ್ಯ 16-17 ಸಾವಿರ ಡಾಲರ್ ಆಸುಪಾಸು, ಪ್ರತಿ ಆಗಸ್ಟ್ 1ಕ್ಕೆ ಪರಿಷ್ಕಾರ. ಬಾಡಿಗೆ ಭತ್ಯೆ, ಪುಸ್ತಕದ ಹಣ ಈ ಬಾಗಿಲಿನಲ್ಲಿ ಇಲ್ಲ. ಶಾಲೆ ಹಾರಿದ ಗಂಟೆಗಳ ಲೆಕ್ಕ ಕೊಟ್ಟ ಮೇಲೆಯೇ ಇಲಾಖೆ ಹಣ ಬಿಡುತ್ತದೆ, ಮುಂಗಡ ಇಲ್ಲ. ಇಲ್ಲಿ ಒಂದು ಜಾಣತನ ಉಂಟು: ಮಿತಿ ಆಗಸ್ಟ್ 1ರಿಂದ ಜುಲೈ 31ರ ವರ್ಷಕ್ಕೆ. ಮಾರ್ಚ್ ಅಥವಾ ಏಪ್ರಿಲ್‌ನಲ್ಲಿ ಶುರು ಮಾಡಿದರೆ ಜುಲೈವರೆಗೆ ಒಂದು ವರ್ಷದ ಮಿತಿ, ಆಗಸ್ಟ್‌ನಿಂದ ಇನ್ನೊಂದು ವರ್ಷದ ಮಿತಿ ಬಳಕೆಗೆ ಸಿಗುತ್ತದೆ. ಸೆಪ್ಟೆಂಬರ್‌ನಲ್ಲಿ ಶುರು ಮಾಡಿದವರು ಆರು ತಿಂಗಳಲ್ಲಿ ಮಿತಿ ಮುಗಿಸಿ ಮುಂದಿನ ಆಗಸ್ಟ್‌ವರೆಗೆ ಕೈಯಿಂದ ಹಾಕುತ್ತಾರೆ.

ಎರಡನೇ ಬಾಗಿಲು ಕಾಲೇಜು. ಹಾರಾಟ ಸೇರಿದ ಪದವಿ ಕೋರ್ಸನ್ನು ಸರ್ಕಾರಿ ಕಾಲೇಜಿನಲ್ಲಿ ತೆಗೆದುಕೊಂಡರೆ ಆ ರಾಜ್ಯದ ನಿವಾಸಿ ದರದ ಪೂರ್ತಿ ಶುಲ್ಕ, ಅದರೊಳಗೆ ಬರುವ ಹಾರಾಟದ ಶುಲ್ಕವೂ ಸೇರಿ, ಜೊತೆಗೆ ತಿಂಗಳ ಬಾಡಿಗೆ ಭತ್ಯೆ. ಖಾಸಗಿ ಕಾಲೇಜಾದರೆ ವಾರ್ಷಿಕ ಮಿತಿ ಬೇರೆ ಇದೆ, ಅದನ್ನು ಮೀರಿದ್ದಕ್ಕೆ ಯೆಲ್ಲೊ ರಿಬ್ಬನ್ ಎಂಬ ಏರ್ಪಾಡಿನಲ್ಲಿ ಕೆಲವು ಕಾಲೇಜುಗಳು ಪಾಲು ಕೊಡುತ್ತವೆ. ನಮ್ಮ ಅಭಿಪ್ರಾಯ ಕೇಳಿದರೆ, ಪದವಿ ಇಲ್ಲದ ಹುಡುಗನಿಗೆ ಎರಡನೇ ಬಾಗಿಲೇ ಲಾಭ. ಎರಡು ಮೂರು ವರ್ಷ ಹೆಚ್ಚು ಹಿಡಿಯುತ್ತದೆ, ಆದರೆ ಮನೆಯ ದುಡ್ಡು ಉಳಿಯುತ್ತದೆ. ಆಗಲೇ ಪದವಿ ಇದ್ದು ಬೇಗ ಕೆಲಸಕ್ಕೆ ಸೇರಬೇಕಾದವನಿಗೆ ಮೊದಲ ಬಾಗಿಲು.

ಶಾಲೆಗೆ ಒಪ್ಪಿಗೆ ಇದೆಯೇ ಎಂಬುದನ್ನು ಶಾಲೆಯವರ ಮಾತಿನ ಮೇಲೆ ನಂಬದೆ ಇಲಾಖೆಯ ಜಿಐ ಬಿಲ್ ಹೋಲಿಕೆ ಜಾಲತಾಣದಲ್ಲಿ ಹುಡುಕಲು ಹೇಳಿ. ಶಾಲೆಗೆ ಒಪ್ಪಿಗೆ ಇದ್ದು, ಅವನು ಸೇರುವ ಕೋರ್ಸಿಗೆ ಇಲ್ಲದಿರುವುದೂ ಉಂಟು. 85/15 ಎಂಬ ನಿಯಮವೂ ಇದೆ: ಒಂದು ಕೋರ್ಸಿನಲ್ಲಿ ಸರ್ಕಾರದ ದುಡ್ಡಿನಲ್ಲಿ ಓದುವವರು 85%ಕ್ಕಿಂತ ಹೆಚ್ಚಾದರೆ ಹೊಸ ಯೋಧರನ್ನು ಸೇರಿಸಿಕೊಳ್ಳುವಂತಿಲ್ಲ. ಹೆಲಿಕಾಪ್ಟರ್ ಶಾಲೆಗಳು ಸರ್ಕಾರಿ ಕಾಲೇಜಿನ ಹೆಸರಿನಲ್ಲಿ ಮಿತಿಯಿಲ್ಲದ ಬಿಲ್ ಮಾಡುತ್ತಿದ್ದ ಸುದ್ದಿ ಹೊರಬಂದ ಮೇಲೆ ಇದನ್ನು ಬಿಗಿ ಮಾಡಿದರು. ಪರೀಕ್ಷೆಗಳ ಶುಲ್ಕಕ್ಕೆ ಬೇರೆಯೇ ಮರುಪಾವತಿ ಇದೆ, ಒಂದು ಪರೀಕ್ಷೆಗೆ 2,000 ಡಾಲರ್‌ವರೆಗೆ. ಇದನ್ನು ಬಹಳ ಜನ ಕೇಳುವುದೇ ಇಲ್ಲ.

ಇನ್ನು ಇಲ್ಲೇ ಕಲಿಯುವ ಮಾತು. ಅಮೆರಿಕದ ಹೊರಗೆ ಈ ದುಡ್ಡು ಒಪ್ಪಿಗೆ ಪಡೆದ ಉನ್ನತ ಶಿಕ್ಷಣ ಸಂಸ್ಥೆಯ ಪದವಿಗೆ ಮಾತ್ರ. ಜಕ್ಕೂರಿನ ಸರ್ಕಾರಿ ಶಾಲೆಯಿಂದ ಹಿಡಿದು ಯಾವ ಭಾರತೀಯ ವಿಮಾನ ಶಾಲೆಗೂ ಬರುವುದಿಲ್ಲ.

ಪ್ರಶ್ನೆ: ನನ್ನ ತಾತ 1965ರ ಯುದ್ಧದಲ್ಲಿ ಭಾಗವಹಿಸಿದ್ದರು. ಮೊಮ್ಮಗನಿಗೆ ವಿದ್ಯಾರ್ಥಿವೇತನ ಉಂಟೇ?
— ನಾಪೋಕ್ಲು

ಉತ್ತರ: ಇಲ್ಲ. ಮಾಜಿ ಸೈನಿಕರ ಮಕ್ಕಳಿಗೆ ಮತ್ತು ಅವರ ವಿಧವಾ ಪತ್ನಿಗೆ ಮಾತ್ರ.

ಪ್ರಶ್ನೆ: ನಾನು ಅಗ್ನಿವೀರ, ಮೊದಲ ತಂಡದವನು. ನಾಲ್ಕು ವರ್ಷ ಮುಗಿಯುತ್ತ ಬಂದಿದೆ. ಸೇವಾ ನಿಧಿಯನ್ನು ಪೂರ್ತಿ ಪೈಲಟ್ ಕೋರ್ಸಿಗೆ ಹಾಕಿ, ಉಳಿದದ್ದಕ್ಕೆ ಸಾಲ ಮಾಡಬೇಕೆಂದಿದ್ದೇನೆ. ಪಿಯುಸಿಯಲ್ಲಿ ಕಲಾ ವಿಭಾಗ.
— ಸೋಮವಾರಪೇಟೆ

ಉತ್ತರ: ಮೊದಲು ಲೆಕ್ಕ. ನಿಮ್ಮ ತಿಂಗಳ ಮೊತ್ತ 30,000ದಿಂದ ಶುರುವಾಗಿ 33,000, 36,500, 40,000 ಆಯಿತು. ಪ್ರತಿ ತಿಂಗಳು ಅದರ 30% ನಿಧಿಗೆ ಹೋಯಿತು. ನಾಲ್ಕು ವರ್ಷಕ್ಕೆ ನಿಮ್ಮ ಪಾಲು 5.02 ಲಕ್ಷ, ಸರ್ಕಾರದ್ದೂ ಅಷ್ಟೇ, ಕೂಡಿ 10.04 ಲಕ್ಷ. ಬಡ್ಡಿ ಸೇರಿ ಸುಮಾರು 11.71 ಲಕ್ಷ ಎಂದು ಯೋಜನೆ ಘೋಷಿಸುವಾಗ ಹೇಳಿದ್ದರು. ಇದಕ್ಕೆ ಆದಾಯ ತೆರಿಗೆ ಇಲ್ಲ. ಪಿಂಚಣಿ, ಗ್ರಾಚ್ಯುಯಿಟಿ, ಮಾಜಿ ಸೈನಿಕ ಸ್ಥಾನಮಾನ ಇವೂ ಇಲ್ಲ. ಆದ್ದರಿಂದ ಮೊದಲ ಉತ್ತರದಲ್ಲಿ ಹೇಳಿದ ಮಾಜಿ ಸೈನಿಕರ ನೆರವುಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ. ನಿಮ್ಮ ಕೈಯಲ್ಲಿರುವುದು ಈ ಒಂದು ಗಂಟು.

ಕಲಾ ವಿಭಾಗದವರು ಭೌತಶಾಸ್ತ್ರ, ಗಣಿತ ಎರಡನ್ನು ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ (ಎನ್‌ಐಒಎಸ್) ಮೂಲಕ ಬಿಡಿ ವಿಷಯವಾಗಿ ಬರೆದು ಪಾಸ್ ಮಾಡಬಹುದು, ಶುಲ್ಕ ಹೆಚ್ಚಿಲ್ಲ. ಇದೇ ನಿಮ್ಮ ಮೊದಲ ಕೆಲಸ. ಗಣಿತ ಬಿಟ್ಟು ನಾಲ್ಕೈದು ವರ್ಷವಾದವರಿಗೆ ಇಲ್ಲೇ ಒಂದು ವರ್ಷ ಹೋಗುತ್ತದೆ, ಅದನ್ನು ಒಪ್ಪಿಕೊಂಡೇ ಯೋಜನೆ ಹಾಕಿ.

ಆಮೇಲೆ ಗಂಟನ್ನು ಒಡೆಯುವ ರೀತಿ. ಪೂರ್ತಿಯಾಗಿ ಶಾಲೆಗೆ ಕಟ್ಟಿ ‘50 ಗಂಟೆ ಆಯಿತು, ಈಗ ಸಾಲ’ ಎಂದು ಬ್ಯಾಂಕಿಗೆ ಹೋದವರು ಸಿಕ್ಕಿಹಾಕಿಕೊಳ್ಳುತ್ತಾರೆ. ಅರ್ಧದಲ್ಲಿ ನಿಂತ ಕೋರ್ಸಿಗೆ ಸಾಲ ಕೊಡಲು ಮ್ಯಾನೇಜರ್ ಹಿಂಜರಿಯುತ್ತಾರೆ. ಸಾಲ ಮೊದಲು ಮಂಜೂರಾಗಲಿ. ದೇಶದೊಳಗಿನ ಕೋರ್ಸಿಗೆ 4 ಲಕ್ಷ ಮೀರಿದ ಸಾಲದಲ್ಲಿ ವಿದ್ಯಾರ್ಥಿಯ ಪಾಲು 5%, ವಿದೇಶಕ್ಕಾದರೆ 15%. 40 ಲಕ್ಷಕ್ಕೆ 5% ಎಂದರೆ 2 ಲಕ್ಷ, ಅದು ಸೇವಾ ನಿಧಿಯಿಂದ. ವೈದ್ಯಕೀಯ, ಪರೀಕ್ಷೆ, ಪುಸ್ತಕ, ಎರಡು ವರ್ಷದ ಊಟ ವಸತಿಗೆ 4 ಲಕ್ಷ. ಉಳಿದದ್ದನ್ನು ಮುಟ್ಟಬೇಡಿ. ಲೈಸೆನ್ಸ್ ಬಂದ ಮೇಲೆ ವಿಮಾನ ಕಂಪನಿ ಕೇಳುವುದು ಏರ್‌ಬಸ್ ಅಥವಾ ಬೋಯಿಂಗ್‌ನ ಟೈಪ್ ರೇಟಿಂಗ್, ಅಂದರೆ ಆ ಮಾದರಿಯ ವಿಮಾನ ಹಾರಿಸುವ ಅರ್ಹತೆ, ಅದಕ್ಕೆ ಮತ್ತೆ ಹತ್ತು ಲಕ್ಷದ ಮೇಲೆ. ಶಾಲೆಗಳ ಕರಪತ್ರದಲ್ಲಿ ಈ ಸಾಲು ಇರುವುದಿಲ್ಲ.

ಕಂತಿನ ಲೆಕ್ಕವನ್ನೂ ಕಣ್ಣೆದುರು ಇಟ್ಟುಕೊಳ್ಳಿ. 40 ಲಕ್ಷಕ್ಕೆ 10% ಬಡ್ಡಿ, 15 ವರ್ಷ ಎಂದರೆ ತಿಂಗಳಿಗೆ ಸುಮಾರು 43,000. ಕೋರ್ಸ್ ಮತ್ತು ನಂತರದ ಒಂದು ವರ್ಷದ ಬಿಡುವಿನಲ್ಲಿ ಬಡ್ಡಿ ಕಟ್ಟದೆ ಬಿಟ್ಟರೆ ಅದು ಅಸಲಿಗೆ ಸೇರಿ ಕಂತು 50,000 ದಾಟಬಹುದು. ಲೈಸೆನ್ಸ್ ಬಂದ ಮರುದಿನವೇ ಕೆಲಸ ಸಿಗುತ್ತದೆ ಎಂಬ ಭರವಸೆಯ ಮೇಲೆ ಇದನ್ನು ಹೊರಬೇಡಿ.

ಪ್ರಶ್ನೆ: ಮಗನ ಪೈಲಟ್ ತರಬೇತಿಗೆ 38 ಲಕ್ಷ ಸಾಲ ಕೇಳಿದ್ದೇವೆ. ನಮ್ಮ 6 ಎಕರೆ ಕಾಫಿ ತೋಟವನ್ನು ಅಡಮಾನ ಕೊಡುತ್ತೇವೆ ಎಂದರೂ ಬ್ಯಾಂಕಿನವರು ಜಮ್ಮಾ ಜಾಗ ಬೇಡ ಎನ್ನುತ್ತಿದ್ದಾರೆ. ನಿವೃತ್ತ ಸುಬೇದಾರ್ ಎಂದರೂ ಕೇಳುತ್ತಿಲ್ಲ.
— ವಿರಾಜಪೇಟೆ

ಉತ್ತರ: ಸುಬೇದಾರ್ ಎಂಬುದು ನಿಮ್ಮ ಪಿಂಚಣಿಯ ಖಾತ್ರಿ, ಜಾಗದ ಖಾತ್ರಿ ಅಲ್ಲ. ಬ್ಯಾಂಕಿನ ಅಳುಕು ಇರುವುದು ಪಹಣಿಯಲ್ಲಿ. ಜಮ್ಮಾ ಬಾಣೆ ಎಂದರೆ ಒಕ್ಕಕ್ಕೆ, ಅಂದರೆ ಇಡೀ ಮನೆತನಕ್ಕೆ, ವಂಶಪಾರಂಪರ್ಯವಾಗಿ ಬಂದ ಜಾಗ; ಅದರ ಪಹಣಿಯಲ್ಲಿ ಪಟ್ಟೆದಾರರ ಹೆಸರು, ಅದರ ಕೆಳಗೆ ಒಕ್ಕದ ಹತ್ತಾರು ಜನರ ಹೆಸರು. ನೀವು ಅನುಭವಿಸುತ್ತಿರುವ 6 ಎಕರೆ ಯಾವುದು ಎಂಬುದಕ್ಕೆ ಒಕ್ಕದೊಳಗೆ ಎಲ್ಲರ ಬಾಯಿಮಾತಿನ ಒಪ್ಪಿಗೆ ಇರುತ್ತದೆ, ಕಾಗದ ಇರುವುದಿಲ್ಲ. ಸಾಲ ತೀರದಿದ್ದರೆ ಏನನ್ನು ಹರಾಜು ಹಾಕುವುದು ಎಂಬುದೇ ಮ್ಯಾನೇಜರ್‌ಗೆ ತಿಳಿಯುವುದಿಲ್ಲ.

ಇದನ್ನು ಸರಿಮಾಡುವ ದಾರಿ ನೋಂದಾಯಿತ ವಿಭಾಗಪತ್ರ, ಅದರ ಮೇಲೆ ಪೋಡಿ (ಅಳತೆ ಮಾಡಿ ಜಾಗ ಬೇರ್ಪಡಿಸುವುದು), ನಿಮ್ಮ ಹೆಸರಿಗೆ ಪ್ರತ್ಯೇಕ ಪಹಣಿ. ಊರಿನಲ್ಲಿರುವ, ಬೆಂಗಳೂರಿನಲ್ಲಿರುವ, ಹೊರದೇಶದಲ್ಲಿರುವ ಹಕ್ಕುದಾರರೆಲ್ಲ ಸಹಿ ಮಾಡಬೇಕು. ಹೊರದೇಶದವರಿಂದ ಅಧಿಕಾರಪತ್ರ ತರಿಸಬೇಕು. ಇದು ಒಂದು ಮಳೆಗಾಲದಲ್ಲಿ ಮುಗಿಯುವ ಕೆಲಸವಲ್ಲ. ಮಗ ಈಗ ಪಿಯುಸಿಯಲ್ಲಿದ್ದರೆ ಇಂದೇ ಶುರು ಮಾಡಿ. ಈ ವರ್ಷವೇ ಸೇರಬೇಕಾದರೆ ಬೇರೆ ಭದ್ರತೆ ನೋಡಿ: ಪಟ್ಟಣದಲ್ಲಿ ನಿಮ್ಮ ಹೆಸರಿನ ಮನೆ ಅಥವಾ ನಿವೇಶನ, ಠೇವಣಿ, ಎಲ್‌ಐಸಿ ಪಾಲಿಸಿ. ಸಂಬಂಧಿಕರ ಮನೆಯನ್ನೂ ಅವರು ಒಪ್ಪಿದರೆ ಭದ್ರತೆಯಾಗಿ ಇಡಬಹುದು, ಆದರೆ ಕೈಲ್‌ಪೊಳ್ದು ಹಬ್ಬದ ಊಟಕ್ಕೆ ಕೂತಾಗ ಕೇಳಿ ಒಪ್ಪಿಸಿಬಿಡುವ ವಿಷಯ ಇದಲ್ಲ. 15 ವರ್ಷ ಅವರ ಮನೆಪತ್ರ ಬ್ಯಾಂಕಿನಲ್ಲಿರುತ್ತದೆ ಎಂದು ಮೊದಲೇ ಹೇಳಿ.

7.5 ಲಕ್ಷದವರೆಗಿನ ಶಿಕ್ಷಣ ಸಾಲಕ್ಕೆ ಸರ್ಕಾರದ ಗ್ಯಾರಂಟಿ ನಿಧಿಯಿದ್ದು ಅಡಮಾನ ಬೇಡ, ಅದಕ್ಕಿಂತ ಮೇಲೆ ಸಾಮಾನ್ಯವಾಗಿ ಬೇಕಾಗುತ್ತದೆ. ‘ಪೈಲಟ್ ಕೋರ್ಸಿಗೆ ಶಿಕ್ಷಣ ಸಾಲವೇ ಇಲ್ಲ’ ಎಂದು ಯಾರಾದರೂ ಕೌಂಟರಿನಲ್ಲಿ ಹೇಳಿದರೆ ಒಪ್ಪಬೇಡಿ. ಭಾರತೀಯ ಬ್ಯಾಂಕುಗಳ ಸಂಘದ ಮಾದರಿ ಯೋಜನೆಯಲ್ಲಿ ಡಿಜಿಸಿಎ ಅನುಮೋದಿತ ಪೈಲಟ್ ತರಬೇತಿಯ ಹೆಸರು ಇದೆ. ವಿದ್ಯಾಲಕ್ಷ್ಮಿ ಜಾಲತಾಣದಲ್ಲಿ ಅರ್ಜಿ ಹಾಕಿದರೆ ತಿರಸ್ಕರಿಸಿದ್ದಕ್ಕೆ ದಾಖಲೆ ಉಳಿಯುತ್ತದೆ. ಬಡ್ಡಿಗೆ 8 ವರ್ಷ ಆದಾಯ ತೆರಿಗೆ ವಿನಾಯಿತಿ, ಹಳೆಯ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ ಮಾತ್ರ.

ಪ್ರಶ್ನೆ: ನಾನು ನಾಯಕ್, ಮುಂದಿನ ವರ್ಷ ನಿವೃತ್ತಿ, ವಯಸ್ಸು 39. ಪುನರ್ವಸತಿ ಕೋರ್ಸಿನಲ್ಲಿ ಪೈಲಟ್ ತರಬೇತಿ ಸಿಗುತ್ತದೆಯೇ? ಇಲ್ಲದಿದ್ದರೆ ಡ್ರೋನ್ ಕಲಿತು ಊರಿನಲ್ಲಿ ತೋಟಕ್ಕೆ ಮದ್ದು ಹೊಡೆದು ಬದುಕಬಹುದೇ?
— ಕುಶಾಲನಗರ

ಉತ್ತರ: 200 ಗಂಟೆಯ ಸಿಪಿಎಲ್ ಅಲ್ಲಿ ಸಿಗುವುದಿಲ್ಲ. ಪುನರ್ವಸತಿ ಮಹಾನಿರ್ದೇಶನಾಲಯದ ಕೋರ್ಸುಗಳು ಕೆಲವು ವಾರಗಳಿಂದ ಸುಮಾರು 24 ವಾರದವರೆಗಿನವು. ಸೇನೆ ಕೊಡುವ ಪದವಿ ಸಮಾನ ಪ್ರಮಾಣಪತ್ರವೂ ಸಿಪಿಎಲ್‌ಗೆ ಕೇಳುವ ಭೌತಶಾಸ್ತ್ರ, ಗಣಿತಕ್ಕೆ ಬದಲಿಯಲ್ಲ. ಕಾನೂನಿನಲ್ಲಿ ವಯಸ್ಸಿನ ಅಡ್ಡಿಯಿಲ್ಲದಿದ್ದರೂ, 42ರ ಹೊಸ ಪೈಲಟನ್ನು ಕಂಪನಿಗಳು ಕರೆಯುವುದು ಅಪರೂಪ. ಪಿಂಚಣಿಯ ಒಂದು ಪಾಲಿನ ಬದಲು ಒಟ್ಟಿಗೆ ಸಿಗುವ ಕಮ್ಯುಟೇಷನ್ ಹಣವನ್ನು ಅದಕ್ಕೆ ಸುರಿಯಬೇಡಿ.

ಡ್ರೋನ್ ವಿಚಾರ ಬೇರೆ. ಅದು ಪುನರ್ವಸತಿ ಪಟ್ಟಿಯಲ್ಲಿದೆ, ಜವಾನರಿಗೆ ಮತ್ತು ಸುಬೇದಾರರಂಥ ಜೆಸಿಒಗಳಿಗೆ ಶುಲ್ಕವಿಲ್ಲ, ಅಧಿಕಾರಿಗಳು ಮಾತ್ರ 40% ಕಟ್ಟುತ್ತಾರೆ. ಸೇವೆಯಲ್ಲಿರುವಾಗಲೇ ಯೂನಿಟ್ ಮೂಲಕ ಹೆಸರು ಕೊಡಿ. ಮನೆಗೆ ಬಂದ ಮೇಲೆ ಅದೇ ಕೋರ್ಸಿಗೆ ಹತ್ತಾರು ಸಾವಿರ ಕೈಯಿಂದ ಹೋಗುತ್ತದೆ. 2021ರ ಡ್ರೋನ್ ನಿಯಮದಂತೆ ಹತ್ತನೇ ತರಗತಿ ಪಾಸ್, 18ರಿಂದ 65ರ ವಯಸ್ಸು, ಡಿಜಿಸಿಎ ಅಧಿಕೃತ ಸಂಸ್ಥೆಯ ತರಬೇತಿ ಇದ್ದರೆ ರಿಮೋಟ್ ಪೈಲಟ್ ಪ್ರಮಾಣಪತ್ರ ಸಿಗುತ್ತದೆ, 10 ವರ್ಷ ಚಾಲ್ತಿ. ಔಷಧಿ ಸಿಂಪಡಿಸುವ ಡ್ರೋನ್ ಸಾಮಾನ್ಯವಾಗಿ 2ರಿಂದ 25 ಕಿಲೊದ ಸ್ಮಾಲ್ ವರ್ಗ. ನಿಮ್ಮ ಪ್ರಮಾಣಪತ್ರವೂ ಅದೇ ವರ್ಗದ್ದಾಗಿರಬೇಕು. ಮೈಕ್ರೊ ವರ್ಗದ್ದು ಕೊಟ್ಟು ಕಳಿಸಿದರೆ ಮದ್ದು ಹೊಡೆಯಲು ಅದು ಆಗುವುದಿಲ್ಲ.

ಕೊಡಗಿನಲ್ಲಿ ಬದುಕಬಹುದೇ? ಕಾಫಿಗೆ ಮದ್ದು ಹೊಡೆದೇ ಬದುಕುತ್ತೇನೆ ಎಂದುಕೊಂಡರೆ ಕಷ್ಟ. ನಮ್ಮದು ನೆರಳಿನ ಕಾಫಿ. ಮೇಲಿನಿಂದ ಹೊಡೆದದ್ದು ಸಿಲ್ವರ್, ಹಲಸು, ನಂದಿ ಮರದ ಎಲೆಯ ಮೇಲೆಯೇ ನಿಲ್ಲುತ್ತದೆ. ಎಲೆ ತುಕ್ಕು ರೋಗದ ಶಿಲೀಂಧ್ರ ಒಳಹೊಕ್ಕುವುದು ಕಾಫಿ ಎಲೆಯ ಅಡಿಯಿಂದ, ಹಾಗಾಗಿ ಮೈಲುತುತ್ತ, ಸುಣ್ಣದ 0.5% ಬೋರ್ಡೊ ದ್ರಾವಣ ಅಡಿಭಾಗಕ್ಕೇ ತಾಗಬೇಕು. ಅದಕ್ಕೆ ಇಂದಿಗೂ ಗಟಾರ್ ಪಂಪು, ಕೆಳಗಿನಿಂದ ಮೇಲಕ್ಕೆ ಹಿಡಿದ ಗನ್ನೇ ಸರಿ. ಸುಣ್ಣದ ಕಣ ಡ್ರೋನಿನ ಸಣ್ಣ ನಾಜಲನ್ನು ಕಟ್ಟಿಸುವುದು ಬೇರೆ. ಡ್ರೋನ್ ಹೊಂದುವುದು ಗದ್ದೆಗೆ ಮತ್ತು ನೆರಳಿಲ್ಲದ ಅಡಿಕೆಗೆ. ನೀವಿರುವುದು ಕುಶಾಲನಗರ, ಪಕ್ಕದಲ್ಲೇ ಪಿರಿಯಾಪಟ್ಟಣದ ಬಯಲು ಹೊಲಗಳು ಇವೆ, ಕೆಲಸ ಅತ್ತ ಹುಡುಕಿ. ಯಂತ್ರವನ್ನು ಒಂಟಿಯಾಗಿ ಕೊಳ್ಳುವ ಬದಲು ರೈತ ಉತ್ಪಾದಕ ಸಂಸ್ಥೆಯ ಜೊತೆ ಸೇರಿ. ಕೇಂದ್ರದ ಕೃಷಿ ಯಾಂತ್ರೀಕರಣ ಯೋಜನೆಯಲ್ಲಿ ಅಂಥ ಸಂಸ್ಥೆಗಳಿಗೆ ಪ್ರಾತ್ಯಕ್ಷಿಕೆಗಾಗಿ 75%ವರೆಗೆ, ಬಾಡಿಗೆ ಕೇಂದ್ರಗಳಿಗೆ 40%, ಗರಿಷ್ಠ 4 ಲಕ್ಷ ಸಹಾಯಧನ ಇದೆ.

ಪ್ರಶ್ನೆ: 140 ಗಂಟೆ ಹಾರಾಟ ಆಗಿದೆ. ಶಾಲೆಯಲ್ಲಿ ವಿಮಾನಗಳು ನಿಂತು ಎಂಟು ತಿಂಗಳು. ಬೇರೆ ಶಾಲೆಗೆ ಹೋದರೆ ಹಳೆಯ ಗಂಟೆಗಳು ಉಳಿಯುತ್ತವೆಯೇ?
— ಪೊನ್ನಂಪೇಟೆ

ಉತ್ತರ: ಒಟ್ಟು ಗಂಟೆಗಳು ಉಳಿಯುತ್ತವೆ, ಆದರೆ ಅದರೊಳಗಿನ ಕೆಲವು ಹಳಸುತ್ತವೆ. ಲೈಸೆನ್ಸಿಗೆ ಬೇಕಾದ 200ರಲ್ಲಿ 100 ಗಂಟೆ ನೀವೇ ಕಮಾಂಡಿನಲ್ಲಿ ಹಾರಿರಬೇಕು, ಅದರಲ್ಲಿ 15 ಗಂಟೆ ಅರ್ಜಿ ಹಾಕುವ ಹಿಂದಿನ 6 ತಿಂಗಳೊಳಗಿನದಾಗಿರಬೇಕು. ರಾತ್ರಿ ಹಾರಾಟದ 5 ಗಂಟೆ, 10 ಏರಿಳಿತ, ಇದಕ್ಕೂ ಅದೇ 6 ತಿಂಗಳು. 20 ಗಂಟೆ ಕ್ರಾಸ್ ಕಂಟ್ರಿ, ಅಂದರೆ ದೂರದ ನಿಲ್ದಾಣಗಳಿಗೆ ಹಾರಾಟ, ಅದರಲ್ಲಿ ಎರಡು ಬೇರೆ ನಿಲ್ದಾಣಗಳಲ್ಲಿ ಇಳಿದು ನಿಲ್ಲುವ 300 ನಾಟಿಕಲ್ ಮೈಲಿಯ ಒಂದು ಪಯಣ. 10 ಗಂಟೆ ಇನ್‌ಸ್ಟ್ರುಮೆಂಟ್, ಅದರಲ್ಲಿ ಸಿಮ್ಯುಲೇಟರಿನದು 5ಕ್ಕಿಂತ ಹೆಚ್ಚಿರಬಾರದು. ನೀವು ರಾತ್ರಿ ಹಾರಾಟವನ್ನು ಆಗಲೇ ಮುಗಿಸಿದ್ದರೆ ಅದನ್ನು ಮತ್ತೆ ಮಾಡಬೇಕಾಗುತ್ತದೆ. ಉಳಿದ 60 ಗಂಟೆಯಲ್ಲಿ ರಾತ್ರಿ ಹಾರಾಟವನ್ನು ಕೊನೆಗೆ ಇಟ್ಟುಕೊಳ್ಳಿ.

ಶಾಲೆ ಬಿಡುವ ಮೊದಲು ಲಾಗ್‌ಬುಕ್ಕಿನ ಪ್ರತಿ ಪುಟಕ್ಕೂ ಮುಖ್ಯ ಬೋಧಕರ ಸಹಿ, ಗಂಟೆಗಳ ವಿಂಗಡಣೆ ಇರುವ ಪ್ರಮಾಣಪತ್ರ, ತರಬೇತಿ ಪ್ರಗತಿಯ ಕಡತದ ನಕಲು, ಬಾಕಿ ಇಲ್ಲವೆಂಬ ಪತ್ರ ಎಲ್ಲ ಪಡೆದುಕೊಳ್ಳಿ. ಹೊರಗೆ ಹೋದ ಮೇಲೆ ಈ ಸಹಿಗಳಿಗಾಗಿ ತಿಂಗಳುಗಟ್ಟಲೆ ಅಲೆಯಬೇಕಾಗುತ್ತದೆ. ಉಳಿದ 60 ಗಂಟೆಯ ಹಣವನ್ನು ಮೊದಲೇ ಕಟ್ಟಿದ್ದರೆ ಅದನ್ನು ಹಿಂದಿರುಗಿಸಲು ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಇಟ್ಟುಕೊಳ್ಳಿ. ಶಿಕ್ಷಣ ಸಾಲ ಇದ್ದರೆ ಬ್ಯಾಂಕಿಗೂ ಆ ಪತ್ರದ ಪ್ರತಿ ಕೊಡಿ. ಕಂತು ಬಿಡುಗಡೆ ಹೊಸ ಶಾಲೆಯ ಹೆಸರಿಗೆ ಬದಲಾಗದಿದ್ದರೆ ದುಡ್ಡು ಹಳೆಯ ಖಾತೆಗೇ ಹೋಗುತ್ತದೆ. ಹೊಸ ಶಾಲೆ ತನ್ನಲ್ಲಿ ಕೆಲವು ಪರಿಶೀಲನಾ ಗಂಟೆ ಹಾರಿಸಿಯೇ ಮುಂದೆ ಬಿಡುತ್ತದೆ. ಐದರಿಂದ ಹತ್ತು ಗಂಟೆಯ ಹೆಚ್ಚಿನ ಖರ್ಚನ್ನು ಲೆಕ್ಕದಲ್ಲಿ ಇಟ್ಟುಕೊಳ್ಳಿ.

ಪ್ರಶ್ನೆ: ಪ್ರಧಾನಮಂತ್ರಿ ವಿದ್ಯಾರ್ಥಿವೇತನದ ಅರ್ಜಿ ‘ಹೆಸರು ಹೊಂದುತ್ತಿಲ್ಲ’ ಎಂದು ವಾಪಸ್ ಬಂದಿದೆ. ಮಗಳ ಅಂಕಪಟ್ಟಿಯಲ್ಲಿ ಮನೆಪೆದ (ಮನೆತನದ ಹೆಸರು) ಪೂರ್ತಿ ಇದೆ, ನನ್ನ ಡಿಸ್ಚಾರ್ಜ್ ಬುಕ್ಕಿನಲ್ಲಿ ಅವಳ ಕರೆಯುವ ಹೆಸರು ಮಾತ್ರ.
— ಶನಿವಾರಸಂತೆ

ಉತ್ತರ: ಕೊಡಗಿನ ಅರ್ಜಿಗಳು ಹೆಚ್ಚಾಗಿ ನಿಲ್ಲುವ ಜಾಗವೇ ಇದು. ಅಂಕಪಟ್ಟಿಯಲ್ಲಿ ಮನೆಪೆದ ಮೊದಲು, ಸೇನೆಯ ಕಡತದಲ್ಲಿ ಕೊನೆಗೆ ಅಥವಾ ಬರೀ ಇನಿಷಿಯಲ್. ಅಂಕಪಟ್ಟಿಯನ್ನು ಬದಲಿಸಲು ಹೋಗಬೇಡಿ, ಸೇನೆಯ ಕಡತವನ್ನು ಬದಲಿಸಿ. ಮಗಳ ಜನನ ಪ್ರಮಾಣಪತ್ರ, ಹತ್ತನೇ ತರಗತಿಯ ಅಂಕಪಟ್ಟಿ, ಆಧಾರ್, ಎರಡೂ ಹೆಸರು ಒಬ್ಬಳದೇ ಎಂಬ ಪ್ರಮಾಣಿತ ಅಫಿಡವಿಟ್ ಇಟ್ಟು ಮಡಿಕೇರಿಯ ಸೈನಿಕ ಕಲ್ಯಾಣ ಕಚೇರಿಯ ಮೂಲಕ ನಿಮ್ಮ ರೆಕಾರ್ಡ್ ಆಫೀಸಿಗೆ ಕಳಿಸಿ. ಅಲ್ಲಿ ಪಾರ್ಟ್ 2 ಆರ್ಡರ್ ಆಗಿ ಅವಳ ಹೆಸರು, ಜನ್ಮದಿನ ದಾಖಲಾಗಬೇಕು. ಆ ಆದೇಶದ ಪ್ರತಿ ಬಂದ ಮೇಲೆ ಅರ್ಜಿಯ ಅನುಬಂಧ 1ಕ್ಕೆ ಸೈನಿಕ ಕಚೇರಿಯ ಸಹಿ, ಅನುಬಂಧ 2ಕ್ಕೆ ಕಾಲೇಜಿನ ಸಹಿ, ಅನುಬಂಧ 3ಕ್ಕೆ ಬ್ಯಾಂಕಿನ ಸಹಿ ಹೊಸದಾಗಿ ಮಾಡಿಸಿ. ಹಳೆಯ ಸಹಿಯ ಕಾಗದವನ್ನೇ ಮತ್ತೆ ಅಪ್‌ಲೋಡ್ ಮಾಡಿದರೆ ಮತ್ತೆ ವಾಪಸ್ ಬರುತ್ತದೆ. ಬ್ಯಾಂಕ್ ಖಾತೆ ಮಗಳ ಹೆಸರಿನಲ್ಲೇ ಇದ್ದು ಆಧಾರ್ ಜೋಡಣೆ ಆಗಿರಲಿ. ರೆಕಾರ್ಡ್ ಆಫೀಸಿನಿಂದ ಉತ್ತರ ಬರಲು ತಿಂಗಳುಗಳೇ ಹಿಡಿಯುತ್ತವೆ, ಎರಡನೇ ಮಗುವಿನ ಹೆಸರನ್ನೂ ಇದೇ ಕಾಗದದಲ್ಲಿ ಸರಿಮಾಡಿಸಿಬಿಡಿ.